ಡಬ್ಬಿಗಟ್ಟಲೆ ಸಿಗುವ ಅಗ್ಗದ ತೋಟಾ: ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಬಳಿ ಬೋಲ್ಟ್ ಎಳೆದು ಹೊಡೆಯುವ ಪಾಯಿಂಟ್ ಟೂ ಟೂ ರೈಫಲ್ ಇದೆ. ಇದುವರೆಗೆ 50ರ ಪೆಟ್ಟಿಗೆಯಲ್ಲಿ ಬರುವ, ಗುರಿ ಅಭ್ಯಾಸಕ್ಕೆಂದೇ ಮಾಡಿದ ತೋಟಾಗಳನ್ನು ಬಳಸುತ್ತಿದ್ದೆ. ಖರ್ಚು ಉಳಿಯಲೆಂದು ಈ ಸಲ ಒಂದೇ ಡಬ್ಬಿಯಲ್ಲಿ 500 ತೋಟಾಗಳನ್ನು ಸುಮ್ಮನೆ ಸುರಿದು ತುಂಬಿರುವ ಅಗ್ಗದ ಮಾಲನ್ನು ಕೊಂಡೆ. ಮೊದಲ 200ರಲ್ಲಿ ಏಳು ಹಾರಲೇ ಇಲ್ಲ. 50 ಮೀಟರಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬೀಳುತ್ತಿದ್ದ ಐದು ಗುಂಡುಗಳು ಈಗ ಮೂರು ಬೆರಳಗಲಕ್ಕೆ ಹರಡುತ್ತಿವೆ. ತಪ್ಪು ತೋಟಾದ್ದೋ, ರೈಫಲಿನದೋ?

ಉತ್ತರ: ನಿಮ್ಮ ದೂರುಗಳು ಎರಡು, ಅವುಗಳ ಕಾರಣಗಳೂ ಬೇರೆ ಬೇರೆ. ಮೊದಲು ಹಾರದೆ ಉಳಿದ ಏಳರ ವಿಚಾರವನ್ನು ನೋಡೋಣ.

ದೊಡ್ಡ ರೈಫಲುಗಳ ಸೆಂಟರ್‌ಫೈರ್ ತೋಟಾದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಬುಡದ ನಟ್ಟನಡುವೆ ಪುಟ್ಟ ಬಟ್ಟಲಿನಲ್ಲಿ ಕೂತಿರುತ್ತದೆ. ನಿಮ್ಮ ಪಾಯಿಂಟ್ ಟೂ ಟೂ ತೋಟಾ ರಿಮ್‌ಫೈರ್ ಜಾತಿಯದು, ಅದರಲ್ಲಿ ಆ ಬಟ್ಟಲಿಲ್ಲ. ಹಿತ್ತಾಳೆಯ ಕೊಳವೆಯ ಬುಡದ ಅಂಚನ್ನು ಒಳಗೆ ಟೊಳ್ಳಿರುವಂತೆ ಮಡಿಚಿ, ಪ್ರೈಮರಿನ ಮಸಾಲೆಯನ್ನು ಹಸಿಯಾಗಿರುವಾಗಲೇ ಕೊಳವೆಯ ತಳಕ್ಕೆ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಮಸಾಲೆ ಆ ಟೊಳ್ಳಿನ ಸುತ್ತಲೂ ಹೋಗಿ ಅಂಟಿಕೊಂಡು ಒಣಗಿದ ಮೇಲೆ ಮದ್ದು ತುಂಬಿ ಸೀಸದ ಗುಂಡನ್ನು ಕೂರಿಸುತ್ತಾರೆ. ಫೈರಿಂಗ್ ಪಿನ್ ಈ ಅಂಚಿನ ಒಂದು ಕಡೆಯನ್ನು ಮಾತ್ರ ಜಜ್ಜುತ್ತದೆ. ಜಜ್ಜಿದ ಜಾಗದಲ್ಲಿ ಮಸಾಲೆ ಇದ್ದರೆ ಈಡು ಹಾರುತ್ತದೆ. ತಿರುಗಿಸುವಾಗ ಅಲ್ಲಿ ತೆಳುವಾಗಿಯೋ ಖಾಲಿಯಾಗಿಯೋ ಉಳಿದಿದ್ದರೆ ಹುಸಿಯಾಗುತ್ತದೆ. ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ 1887ರಲ್ಲಿ ಬಂದಾಗ ಈ ಏರ್ಪಾಡು ಹೇಗಿತ್ತೋ ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ. ದುಬಾರಿ ತೋಟಾದಲ್ಲಿ ಮಸಾಲೆ ಸುತ್ತಲೂ ಸಮವಾಗಿ ಕೂತಿದೆಯೇ ಎಂದು ನೋಡುವುದಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ, ಅಗ್ಗದ್ದರಲ್ಲಿ ಯಂತ್ರದ ವೇಗಕ್ಕೆ ಬೆಲೆ ಹೆಚ್ಚು.

ಹುಸಿಯಾದ ತೋಟಾವೇ ನಿಮಗೆ ಸಾಕ್ಷಿ. ಟ್ರಿಗರ್ ಒತ್ತಿದ ಮೇಲೆ ಸದ್ದು ಬರದಿದ್ದರೆ ಕೂಡಲೇ ಬೋಲ್ಟ್, ಅಂದರೆ ತೋಟಾದ ಹಿಂದೆ ಮುಚ್ಚಿಕೊಳ್ಳುವ ಅಗುಳಿ, ತೆರೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಆಮೇಲೆ ತೋಟಾವನ್ನು ತೆಗೆದು ಅಂಚಿನ ಮೇಲಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿ. ಗುರುತು ಆಳವಾಗಿ, ಸ್ಪಷ್ಟವಾಗಿ, ಹಾರಿದ ಖಾಲಿ ಕೊಳವೆಗಳ ಮೇಲೆ ಇರುವಂತೆಯೇ ಇದ್ದರೆ, ಅದೇ ತೋಟಾವನ್ನು ಅರ್ಧ ಸುತ್ತು ತಿರುಗಿಸಿ, ಅಂದರೆ ಹೊಸ ಜಾಗಕ್ಕೆ ಪೆಟ್ಟು ಬೀಳುವಂತೆ, ಮತ್ತೊಮ್ಮೆ ಹೊಡೆದು ನೋಡಬಹುದು. ಆಗ ಹಾರಿತೆಂದರೆ ಮೊದಲು ಪೆಟ್ಟು ಬಿದ್ದ ಜಾಗದಲ್ಲಿ ಮಸಾಲೆ ಇರಲಿಲ್ಲವೆಂದೇ ಅರ್ಥ, ತಪ್ಪು ತೋಟಾದ್ದು. ಎರಡನೆಯ ಸಲವೂ ಹಾರದಿದ್ದರೆ ಮೂರನೆಯ ಪ್ರಯತ್ನ ಬೇಡ. ರೇಂಜಿನಲ್ಲಿ ಹುಸಿ ತೋಟಾಗಳಿಗೆಂದು ಇಟ್ಟಿರುವ ಡಬ್ಬಿಗೆ ಹಾಕಿಬಿಡಿ. ಬಿಚ್ಚಿ ನೋಡುವ ಕುತೂಹಲವಂತೂ ಬೇಡವೇ ಬೇಡ.

ಗುರುತು ತೇಲಿದಂತಿದ್ದರೆ, ಅಥವಾ ಅಂಚಿನಿಂದ ಅರ್ಧ ಜಾರಿ ಬಿದ್ದಿದ್ದರೆ, ನೋಡಬೇಕಾದ್ದು ರೈಫಲನ್ನು. ಇದನ್ನು ಒತ್ತಿ ಹೇಳುವುದಕ್ಕೆ ನನಗೆ ಸ್ವಂತ ಕಾರಣವಿದೆ. ಹಿಂದೊಮ್ಮೆ ನಾನು ಒಂದು ತಿಂಗಳ ಕಾಲ ಡಬ್ಬಿಯ ತೋಟಾ ಮಾಡಿದವರನ್ನು ಮನಸಾರೆ ಬೈದುಕೊಂಡಿದ್ದೆ. ಕೊನೆಗೆ ಬೋಲ್ಟ್ ಬಿಚ್ಚಿದಾಗ ಫೈರಿಂಗ್ ಪಿನ್ ಓಡಾಡುವ ತೋಡಿನಲ್ಲಿ, ವರ್ಷಗಟ್ಟಲೆ ನಾನೇ ಶ್ರದ್ಧೆಯಿಂದ ಹನಿಸಿದ್ದ ಎಣ್ಣೆ ಮಸಿಯೊಂದಿಗೆ ಕಲೆತು ಕಂದು ಅಂಟಾಗಿ ಗಟ್ಟಿಯಾಗಿತ್ತು; ಪಿನ್ನನ್ನು ಬೆರಳಿನಿಂದ ತಳ್ಳಿದರೆ ಅದು ತೂಕಡಿಸುತ್ತ ಮುಂದೆ ಹೋಗುತ್ತಿತ್ತು. ತೊಳೆದು ಒಣಗಿಸಿ ಹಾಕಿದ ಮೇಲೆ ಅದೇ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳಲ್ಲಿ ಹುಸಿಯಾದದ್ದು ಒಂದೇ ಒಂದು. ಸ್ಪ್ರಿಂಗ್ ಸೋತಿದ್ದರೂ, ಪಿನ್ನಿನ ಮೂತಿ ಸವೆದಿದ್ದರೂ ಹೀಗೆಯೇ ಆಗುತ್ತದೆ. ತೋಟಾ ಇಲ್ಲದೆ ಟ್ರಿಗರ್ ಒತ್ತುವ ಚಟವಿದ್ದರೆ ಕೆಲವು ರೈಫಲುಗಳಲ್ಲಿ ಪಿನ್ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಗೂಡಿನ) ಅಂಚಿಗೇ ಬಡಿದು ಅಲ್ಲಿ ತಗ್ಗು ಮಾಡುತ್ತದೆ. ಆಮೇಲೆ ತೋಟಾದ ಅಂಚಿಗೆ ಮುಂಬದಿಯಿಂದ ಆಸರೆ ಕೊಡುವ ಲೋಹವೇ ಅಲ್ಲಿರುವುದಿಲ್ಲ.

ನೀವು ‘ಹಳೆಯ ತೋಟಾ ಇದೇ ರೈಫಲಿನಲ್ಲಿ ಸರಿಯಾಗಿ ಹಾರುತ್ತಿತ್ತಲ್ಲ’ ಎನ್ನಬಹುದು. ಅಷ್ಟರಿಂದಲೇ ರೈಫಲ್ ನಿರ್ದೋಷಿ ಎನ್ನುವಂತಿಲ್ಲ. ರಿಮ್‌ಫೈರ್ ತೋಟಾ ಚೇಂಬರಿನಲ್ಲಿ ನಿಲ್ಲುವುದು ತನ್ನ ಅಂಚಿನ ಮೇಲೆ. ಅಗ್ಗದ ಮಾಲಿನಲ್ಲಿ ಅಂಚಿನ ದಪ್ಪ ತೋಟಾದಿಂದ ತೋಟಾಕ್ಕೆ ಹೆಚ್ಚು ಏರುಪೇರಾಗುತ್ತದೆ. ತೆಳು ಅಂಚಿನ ತೋಟಾ ಸಡಿಲವಾಗಿ ಕೂತು, ಪಿನ್ನಿನ ಪೆಟ್ಟಿಗೆ ಮೊದಲು ಮುಂದಕ್ಕೆ ಸರಿದು, ಆಮೇಲೆ ಜಜ್ಜಿಸಿಕೊಳ್ಳುತ್ತದೆ, ಅಷ್ಟರಲ್ಲಿ ಪೆಟ್ಟಿನ ಬಲ ಒಂದಿಷ್ಟು ಸೋರಿಹೋಗಿರುತ್ತದೆ. ಪೆಟ್ಟು ಗಟ್ಟಿಯಾಗಿರುವ ರೈಫಲ್ ಈ ಏರುಪೇರನ್ನು ನುಂಗಿಕೊಳ್ಳುತ್ತದೆ, ಪೆಟ್ಟು ಸೋತಿರುವ ರೈಫಲಿನ ಬಣ್ಣ ಬಯಲಾಗುತ್ತದೆ. ನೂರಕ್ಕೆ ಒಂದು ಹುಸಿಯಾದರೆ ಡಬ್ಬಿಯ ಮಾಲಿನ ಮಟ್ಟಿಗೆ ನಾನು ಸುಮ್ಮನಿರುತ್ತೇನೆ. ನಿಮ್ಮದು ನೂರಕ್ಕೆ ಮೂರೂವರೆ ಆಯಿತು. ಬೋಲ್ಟನ್ನು ತೊಳೆದು ನೋಡಿದ ಮೇಲೆಯೂ ಲೆಕ್ಕ ಇಳಿಯದಿದ್ದರೆ ಆ ಡಬ್ಬಿಯ ಲಾಟ್, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತು, ಕೆಟ್ಟದ್ದೆಂದು ತಿಳಿಯಿರಿ.

ಇನ್ನು ಗುಂಡುಗಳು ಹರಡುವ ವಿಚಾರ. ಈ ತೋಟಾದಲ್ಲಿರುವ ಮದ್ದು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸಿನಷ್ಟು ಮಾತ್ರ. ಅದರಲ್ಲಿ ಕೆಲವು ಕಾಳು ಹೆಚ್ಚುಕಡಿಮೆಯಾದರೂ, ಮಸಾಲೆಯ ಪ್ರಮಾಣ ಬದಲಾದರೂ, ಕೊಳವೆಯ ಬಾಯಿ ಗುಂಡನ್ನು ಹಿಡಿದಿರುವ ಬಿಗಿ ಬೇರೆಯಾದರೂ ವೇಗ ಬದಲಾಗುತ್ತದೆ. ಸೆಕೆಂಡಿಗೆ 325 ಮೀಟರ್ ವೇಗದ ಒಂದು ಗುಂಡನ್ನೂ 345 ಮೀಟರ್ ವೇಗದ ಇನ್ನೊಂದನ್ನೂ ಒಂದೇ ಗುರಿಗೆ ಹೊಡೆದಿರೆನ್ನಿ. ಗಾಳಿಯ ತಡೆಯನ್ನು ಬದಿಗಿಟ್ಟು ಬರೀ ಬೀಳುವಿಕೆಯನ್ನು ಲೆಕ್ಕ ಹಾಕಿದರೂ 50 ಮೀಟರಿನಲ್ಲಿ ನಿಧಾನದ ಗುಂಡು 13 ಮಿಲಿಮೀಟರ್ ಕೆಳಗೆ ಬೀಳುತ್ತದೆ. 100 ಮೀಟರಿನಲ್ಲಿ ಆ ಅಂತರ 52 ಮಿಲಿಮೀಟರ್ ಆಗುತ್ತದೆ. ದೂರ ಇಮ್ಮಡಿಯಾದರೆ ತಪ್ಪು ನಾಲ್ಮಡಿಯಾಗುತ್ತದೆ. ನಿಮ್ಮ ಗುರಿಹಾಳೆಯಲ್ಲಿ ತೂತುಗಳು ಅಡ್ಡಕ್ಕಿಂತ ಮೇಲೆ ಕೆಳಗೆ ಹೆಚ್ಚು ಹರಡಿದ್ದರೆ ವೇಗದ ಏರುಪೇರೇ ಮೊದಲ ಗುಮಾನಿ.

ಡಬ್ಬಿಯ ತೋಟಾಗಳು ಬಹುಪಾಲು ‘ಹೈ ವೆಲಾಸಿಟಿ’ ಜಾತಿಯವು, ಸೆಕೆಂಡಿಗೆ ಸುಮಾರು 365ರಿಂದ 390 ಮೀಟರ್ ವೇಗದಲ್ಲಿ ಹೊರಡುತ್ತವೆ. 15 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್. ಅಂದರೆ ಈ ಗುಂಡು ಶಬ್ದಕ್ಕಿಂತ ಮುಂದೆ ಹೊರಟು, ದಾರಿಯಲ್ಲೇ ಸೋತು, ಶಬ್ದದ ವೇಗವನ್ನು ಕೆಳಮುಖವಾಗಿ ದಾಟುತ್ತದೆ, ಆ ದಾಟುವಿಕೆಯಲ್ಲಿ ಕೆಲವು ಗುಂಡುಗಳು ಓಲಾಡುತ್ತವೆ. ಗುರಿ ಅಭ್ಯಾಸದ ತೋಟಾವನ್ನು ಬೇಕೆಂದೇ 320-330ರ ಸುತ್ತ, ಶಬ್ದದ ವೇಗದ ಕೆಳಗೇ ಇಟ್ಟಿರುತ್ತಾರೆ. ವೇಗ ಹೆಚ್ಚಿದ್ದರೆ ಗಾಳಿಗೆ ಕಡಿಮೆ ಸರಿಯುತ್ತದೆಂಬ ಮಾತು ದೊಡ್ಡ ರೈಫಲಿಗೆ ಹೊಂದುತ್ತದೆ. ಪಾಯಿಂಟ್ ಟೂ ಟೂನಲ್ಲಿ ಅದು ತಿರುಗುಮುರುಗು. ವೇಗದ ಗುಂಡು ಆರಂಭದಲ್ಲೇ ಹೆಚ್ಚು ವೇಗ ಕಳೆದುಕೊಳ್ಳುವುದರಿಂದ ಅಡ್ಡಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ.

ಸುರಿದು ತುಂಬುವುದರಿಂದಲೂ ತೊಂದರೆಯಿದೆ. ಈ ಗುಂಡಿನ ಮೈ ಕೊಳವೆಯಷ್ಟೇ ಅಗಲ. ಬುಡದ ಕಿರಿದಾದ ಭಾಗವಷ್ಟೇ ಕೊಳವೆಯೊಳಗೆ ಇರುತ್ತದೆ. ಮೃದು ಸೀಸವೂ ಅದರ ಮೇಲಿನ ಮೇಣವೂ ಹೊರಗೇ ಇರುತ್ತವೆ. 500 ತೋಟಾಗಳು ಸಾಗಣೆಯುದ್ದಕ್ಕೂ ಒಂದಕ್ಕೊಂದು ಉಜ್ಜಿಕೊಂಡರೆ ಮೇಣ ಕಳಚುತ್ತದೆ, ಸೀಸ ನಗ್ಗುತ್ತದೆ, ಕೆಲವು ಗುಂಡುಗಳು ಕೊಳವೆಯಲ್ಲಿ ಸಡಿಲವಾಗುತ್ತವೆ. ಒಂದು ಹಿಡಿ ತೋಟಾವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದನ್ನೇ ಉರುಳಿಸಿ ನೋಡಿ. ಸೊಟ್ಟಗೆ ಕೂತ ಗುಂಡು ಉರುಳುವಾಗ ಮೂತಿಯಾಡಿಸುತ್ತದೆ. ಅಂಥವನ್ನು ಬೇರೆ ಮಾಡಿದರೆ ದೂರ ಸಿಡಿಯುವ ಗುಂಡುಗಳಲ್ಲಿ ಕೆಲವಾದರೂ ಕಡಿಮೆಯಾಗುತ್ತವೆ.

ಆ ದೂರ ಸಿಡಿಯುವ ಗುಂಡೇ ನನ್ನ ಮುಖ್ಯ ತಕರಾರು. ಅಗ್ಗದ ತೋಟಾದಲ್ಲಿಯೂ ಐದರಲ್ಲಿ ನಾಲ್ಕು ಒಂದೆಡೆ ಬೀಳಬಹುದು. ಐದನೆಯದು ಹೊರಗೆ ಬಿದ್ದಾಗ ತಪ್ಪಿದ್ದು ನಿಮ್ಮ ಕೈಯೋ ತೋಟಾವೋ ಎಂಬುದು ನಿಮಗೆ ತಿಳಿಯುವುದಿಲ್ಲ. ಟ್ರಿಗರ್ ಒತ್ತುವ ರೀತಿಯನ್ನು ತಿದ್ದಿಕೊಳ್ಳಬೇಕೆಂದಿರುವವರಿಗೆ ಈ ಅನುಮಾನ ದುಬಾರಿ. ಹತ್ತಿರದ ಡಬ್ಬ ಉರುಳಿಸುವುದಕ್ಕೆ, ಹೊಸಬರಿಗೆ ಸದ್ದು ರೂಢಿಯಾಗಿಸುವುದಕ್ಕೆ, ಬೋಲ್ಟ್ ಓಡಿಸುವ ಅಭ್ಯಾಸಕ್ಕೆ ಡಬ್ಬಿಯ ಮಾಲು ಸಾಕು. ಅಂಕ ಎಣಿಸುವ ದಿನ ಹಳೆಯ ಪೆಟ್ಟಿಗೆಯನ್ನೇ ತೆರೆಯಿರಿ. ಒಂದು ತೋಟಾದಿಂದ ಇನ್ನೊಂದಕ್ಕೆ ಬದಲಾದಾಗ ನಳಿಗೆಯೊಳಗಿನ ಮೇಣವೂ ಬದಲಾಗಬೇಕು. ಆದ್ದರಿಂದ ಮೊದಲ 15-20 ಈಡುಗಳನ್ನು ನೋಡಿ ತೀರ್ಪು ಕೊಡಬೇಡಿ.

ಪ್ರಶ್ನೆ: ಹೊಸ ಡಬ್ಬಿಯೊಂದನ್ನು ನಂಬಬಹುದೆಂದು ಹೇಳಲು ಎಷ್ಟು ತೋಟಾ ಹೊಡೆದು ನೋಡಬೇಕು? ನಾನು 30 ಹೊಡೆದೆ, ಎಲ್ಲವೂ ಹಾರಿದವು.

ಉತ್ತರ: ಮೂವತ್ತು ಸಾಲದು. ಒಂದೂ ಹುಸಿಯಾಗದಿದ್ದಾಗ ಬಳಸುವ ಸುಲಭದ ಲೆಕ್ಕವೊಂದಿದೆ: ಮೂರನ್ನು ಹೊಡೆದ ಈಡುಗಳ ಸಂಖ್ಯೆಯಿಂದ ಭಾಗಿಸಿ. ನಿಮ್ಮ ಮೂವತ್ತರಿಂದ ಹೇಳಬಹುದಾದ್ದು, ಹುಸಿಯ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಲಾರದು ಎಂಬಷ್ಟೇ, ಅದೂ ಶೇಕಡಾ 95ರ ಭರವಸೆಯಲ್ಲಿ. ನೂರು ಹಾರಿದರೆ ನೂರಕ್ಕೆ ಮೂರು, ಮುನ್ನೂರು ಹಾರಿದರೆ ನೂರಕ್ಕೆ ಒಂದು. ಅಷ್ಟು ಹೊತ್ತಿಗೆ ಡಬ್ಬಿಯೇ ಅರ್ಧ ಖಾಲಿಯಾಗಿರುತ್ತದೆ ಎನ್ನುವುದು ನಿಜ. ಅದಕ್ಕೇ ಡಬ್ಬಿಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಹಿಡಿಸಿದರೆ ಅದೇ ಲಾಟನ್ನು ಮತ್ತೆ ಕೊಳ್ಳಬೇಕು. ಗುರಿಯ ಪರೀಕ್ಷೆಗೆ ಐದೈದು ಈಡಿನ ಐದು ಗುಂಪುಗಳನ್ನಾದರೂ ಹೊಡೆದು, ಅತಿ ದೂರದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು ಸರಾಸರಿ ತೆಗೆಯಿರಿ. ಚೆನ್ನಾಗಿ ಬಂದ ಗುಂಪಿನ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಉಳಿದವನ್ನು ಮರೆಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ.

ಲಾಟಿನ ಮಹತ್ವ ಸ್ಪರ್ಧಿಗಳಿಗೆ ಚೆನ್ನಾಗಿ ಗೊತ್ತು. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಈಲಿ, ಲಾಪುವಾದಂಥ ತೋಟಾ ಕಂಪನಿಗಳು ತಮ್ಮ ಪರೀಕ್ಷಾ ರೇಂಜುಗಳಲ್ಲಿ ಸ್ಪರ್ಧಿಗಳ ರೈಫಲಿಗೇ ಬೇರೆ ಬೇರೆ ಲಾಟುಗಳನ್ನು ಹಾಕಿ ಹೊಡೆದು, ಹೊಂದುವುದನ್ನು ಆರಿಸಿಕೊಡುತ್ತವೆ. ಅತ್ಯಂತ ದುಬಾರಿ ತೋಟಾವೂ ಎಲ್ಲ ನಳಿಗೆಗೂ ಒಂದೇ ರೀತಿ ಹೊಂದುವುದಿಲ್ಲ.

ಪ್ರಶ್ನೆ: ಅಗ್ಗದ ತೋಟಾಗಳನ್ನು ಒಂದೊಂದಾಗಿ ತೂಗಿ, ಒಂದೇ ತೂಕದವನ್ನು ಬೇರೆ ಮಾಡಿಕೊಂಡರೆ ಗುರಿ ಸುಧಾರಿಸುವುದೇ?

ಉತ್ತರ: ತೀರಾ ಹಗುರವಾದ ಒಂದೆರಡು ಸಿಕ್ಕಿದರೆ ತೆಗೆದುಹಾಕಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಇಡೀ ತೋಟಾದ ತೂಕ ಮೂರೂಕಾಲು ಗ್ರಾಮಿನ ಆಸುಪಾಸು. ಅದರಲ್ಲಿ ಗುಂಡು ಸುಮಾರು 2.6 ಗ್ರಾಂ, ಉಳಿದದ್ದರಲ್ಲಿ ಬಹುಪಾಲು ಹಿತ್ತಾಳೆ. ತಕ್ಕಡಿ ತೋರಿಸುವ ವ್ಯತ್ಯಾಸ ಸೀಸದ್ದೋ, ಹಿತ್ತಾಳೆಯದೋ, ಮದ್ದಿನದೋ ಎಂದು ತಕ್ಕಡಿಗೆ ತಿಳಿಯದು. ಒಂದು ಸಂಜೆಯಿಡೀ ತೂಗುವ ತಾಳ್ಮೆಯಿದ್ದರೆ ಆ ಹೊತ್ತನ್ನು ಖಾಲಿ ರೈಫಲಿನೊಂದಿಗೆ ಗುರಿ ಹಿಡಿದು ಕೂರುವುದಕ್ಕೆ ಕೊಡುವುದು ಮೇಲು.

ಪ್ರಶ್ನೆ: ನನ್ನ ಸೆಮಿ ಆಟೊಮ್ಯಾಟಿಕ್ ರೈಫಲಿನಲ್ಲಿ ಅಗ್ಗದ ಹೈ ವೆಲಾಸಿಟಿ ತೋಟಾ ಸರಾಗವಾಗಿ ಓಡುತ್ತದೆ, ಒಳ್ಳೆಯ ಟಾರ್ಗೆಟ್ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೇಕೆ?

ಉತ್ತರ: ಅಂಥ ರೈಫಲಿನಲ್ಲಿ ಖಾಲಿ ಕೊಳವೆ ಹಿಂದಕ್ಕೆ ಒದೆಯುವ ಬಲದಿಂದಲೇ ಬೋಲ್ಟ್ ತೆರೆಯಬೇಕು. ಸೌಮ್ಯ ತೋಟಾದ ಒದೆತ ಸಾಲದಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಸರಿಯದೆ ಖಾಲಿ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ತೋಟಾದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಚೇಂಬರನ್ನು ಬಿಗಿಯಾಗಿ ಕೊರೆದಿರುವ ಟಾರ್ಗೆಟ್ ರೈಫಲಿನಲ್ಲಿ ಇದೇ ತಿರುವುಮುರುವಾಗಿ, ಡಬ್ಬಿಯ ತೋಟಾ ಒಳಗೆ ಹೋಗುವುದಕ್ಕೇ ಹಟ ಮಾಡುವುದುಂಟು.

ಪ್ರಶ್ನೆ: ನಿನ್ನೆ ಒಂದು ಈಡಿನ ಸದ್ದು ಮಾಮೂಲಿನಂತಿರದೆ ‘ಟುಪ್’ ಎಂದಿತು, ಗುರಿಹಾಳೆಯಲ್ಲಿ ತೂತೂ ಕಾಣಲಿಲ್ಲ. ಪಕ್ಕದವರು ‘ಅಗ್ಗದ ಮಾಲು ಹಾಗೇ, ಮುಂದಿನದು ಹೊಡೆಯಿರಿ’ ಎಂದರು. ನಾನು ಹೊಡೆಯಲಿಲ್ಲ. ಸರಿಯೇ?

ಉತ್ತರ: ನೀವು ಮಾಡಿದ್ದೇ ಸರಿ. ಮದ್ದು ತೀರಾ ಕಡಿಮೆಯಿದ್ದಾಗ, ಅಥವಾ ಇಲ್ಲವೇ ಇಲ್ಲದೆ ಪ್ರೈಮರ್ ಮಾತ್ರ ಸಿಡಿದಾಗ, ಗುಂಡು ನಳಿಗೆಯ ನಡುವೆಯೇ ನಿಂತುಬಿಡುವುದುಂಟು. ಅದರ ಹಿಂದೆ ಇನ್ನೊಂದು ಗುಂಡು ಹೋದರೆ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಇಂಥ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಅರ್ಧ ನಿಮಿಷ ಕಾದು, ಮ್ಯಾಗಝಿನ್ ತೆಗೆದು, ಬೋಲ್ಟನ್ನು ಪೂರ್ತಿ ಹೊರಗೆಳೆದು, ಚೇಂಬರಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಉಂಗುರದಂತೆ ದುಂಡನೆಯ ಬೆಳಕು ಕಾಣದಿದ್ದರೆ ಗುಂಡು ಒಳಗಿದೆ. ಅದನ್ನು ಇನ್ನೊಂದು ತೋಟಾದಿಂದ ಹೊರದಬ್ಬುವ ಯೋಚನೆ ಬೇಡ. ನಳಿಗೆಗೆ ಸರಿಹೊಂದುವ ಗಟ್ಟಿ ಹಿತ್ತಾಳೆಯ ಕೋಲಿನಿಂದ ಮೆಲ್ಲಗೆ ತಟ್ಟಿ ತೆಗೆಯಬೇಕು, ಕೈ ಪಳಗಿಲ್ಲದಿದ್ದರೆ ಕೋವಿ ರಿಪೇರಿ ಮಾಡುವವರಿಗೆ ಕೊಡಬೇಕು. ಆ ಡಬ್ಬಿಯಲ್ಲಿ ಉಳಿದ ತೋಟಾಗಳನ್ನು ಬಳಸುವುದಾದರೆ ಒಂದೊಂದಾಗಿಯೇ ತುಂಬಿ, ಪ್ರತಿ ಈಡಿನ ತೂತನ್ನು ಹಾಳೆಯಲ್ಲಿ ಕಂಡ ಮೇಲೆ ಮುಂದಿನದನ್ನು ಹಾಕಿ.