ಸಂಪಾದಕರ ಉತ್ತರ: ಅಪ್ಪಾರ ಅಂಗಡಿ ಬಿಟ್ಟು ಬರೀಬ್ಯಾಡ್ರಿ

ಅಕ್ಕಾರ, ಗದಗಿನಿಂದ ನೀವು ಬರದ ಪತ್ರ ಮುಟ್ಟೇತಿ. ಡಿಸೆಂಬರ್ ಸಂಚಿಕೆಯೊಳಗ ನಾವು 1971ರ ಯುದ್ಧದ ಬಗ್ಗೆ ಹಾಕಿದ್ದನ್ನ ಓದಿ, 'ಬರೇ ದೊಡ್ಡ ಅಧಿಕಾರಿಗಳದ್ದು, ಪರಮವೀರ ಚಕ್ರ ಬಂದವರದ್ದ ಬರೀತೀರಿ, ನಮ್ಮಪ್ಪನಂಥವರು ನಿಮಗ ಕಾಣಂಗಿಲ್ಲೇನು' ಅಂತ ಕೇಳೀರಿ. ಖರೇ ಐತಿ ನಿಮ್ಮ ಮಾತು. ತಂದೆಯವರು 1963ರಾಗ ಮಿಲಿಟರಿ ಸೇರಿ, ಇಎಂಇ (ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡೋ ದಳ) ಒಳಗ ಎಲೆಕ್ಟ್ರಿಶನ್ ಆಗಿ 15 ವರ್ಷ ದುಡದು, 1978ಕ್ಕ ಪೆನ್ಷನ್ ಮ್ಯಾಲೆ ಬಂದು, ಮುಳಗುಂದ ನಾಕಾ ಹತ್ರ ತಗಡಿನ ಶೆಡ್ಡಿನಾಗ ಮೋಟರ್ ರಿವೈಂಡಿಂಗ್ ಅಂಗಡಿ, ಅಂದ್ರ ಸುಟ್ಟ ಮೋಟರಿಗೆ ಹೊಸಾ ತಾಮ್ರದ ತಂತಿ ಸುತ್ತೋ ಅಂಗಡಿ, ಹಾಕಿ, ಅದರ ಮ್ಯಾಲೆನ ಮೂರು ಮಕ್ಕಳನ್ನ ಓದಿಸ್ಯಾರ. ಅವರ ಜೀವನ ಬರೀಬೇಕಂತ ನಿಮಗ ಆಸೆ, ಆದ್ರ ನಿಮ್ಮ ತಮ್ಮ 'ಅಪ್ಪ ಗುಂಡು ಹಾರಿಸಿದಾವಲ್ಲ, ರಿಪೇರಿ ಮಾಡಾವ ಇದ್ದ, ಅದನ್ಯಾರು ಓದ್ತಾರ' ಅಂದಾನಂತ. ನೀವು ಬರೀರಿ, ನಾವು ಹಾಕ್ತೀವಿ.

ತಮ್ಮನ ಮಾತಿಗೆ ಮೊದಲ ಉತ್ತರ ಕೊಡ್ತೀನಿ, ಯಾಕಂದ್ರ ಅದು ನಿಮ್ಮ ಮನಸಿನಾಗೂ ಕುಂತಂಗ ಕಾಣತೈತಿ. ಅಪ್ಪಾರ ಡಬ್ಬಿಯೊಳಗ 1971ರ ಯುದ್ಧದ ಪದಕ ಸಂಗ್ರಾಮ್ ಮೆಡಲ್, ಪಶ್ಚಿಮಿ ಸ್ಟಾರ್ ಎರಡೂ ಸಿಕ್ಕಾವ ಅಂತ ಬರದೀರಿ. ಸಂಗ್ರಾಮ್ ಮೆಡಲ್ ಆಗ ಭಾಳ ಮಂದಿಗೆ ಬಂದೈತಿ, ಆದ್ರ ಪಶ್ಚಿಮಿ ಸ್ಟಾರ್ ಹಂಗಲ್ರಿ, ಪಶ್ಚಿಮದ ಗಡಿಯೊಳಗ ಯುದ್ಧ ನಡದ ಜಾಗಾದಾಗ ಡ್ಯೂಟಿ ಮೇಲಿದ್ದವರಿಗೆ ಕೊಟ್ಟದ್ದು. ಮೆಡಲಿನ ಅಂಚಿನ ಮ್ಯಾಲೆ ಹೆಸರಿಗಿಂತ ಮೊದಲ ಇರೋ 'ಸಿಎಫ್ಎನ್' ಏನು ಅಂತ ಕೇಳೀರಲ್ಲ, ಕ್ರಾಫ್ಟ್ಸ್‌ಮನ್ ಅಂತ, ಇಎಂಇ ಒಳಗ ಸಿಪಾಯಿ ದರ್ಜೆಗೆ ಹಂಗ ಕರೀತಾರ. ಲಾರಿ, ಟ್ಯಾಂಕ್, ತೋಪು, ರೇಡಿಯೋ ಕೆಟ್ರ ನಿಂತ ಜಾಗಾದಾಗ ಸರಿ ಮಾಡೋದು, ಆಗಲಿಲ್ಲಂದ್ರ ಎಳಕೊಂಡು ಹಿಂದ ತರೋದು, ಮತ್ತ ಮುಂದಕ್ಕ ಕಳಸೋದು ಇದು 1943ರಾಗ ಹುಟ್ಟಿದ ಆ ದಳದ ಕೆಲಸ. ಸ್ಟಾರ್ಟರ್ ಎಳೀಲಿಲ್ಲಂದ್ರ ಎಂಥಾ ಟ್ಯಾಂಕ್ ಆದ್ರೂ ಜಾಗಾ ಬಿಟ್ಟು ಕದಲಂಗಿಲ್ಲ, ಇದನ್ನ ತಮ್ಮಗ ಹೇಳ್ರಿ.

ಆದ್ರ ಒಂದು ಎಚ್ಚರಿಕೆ. 'ಶಕರಗಢ ಕಡೆ ಥಂಡಿ ಭಾಳ ಇತ್ತು' ಅನ್ನೋದೊಂದು ಮಾತು ಬಿಟ್ರ ಅಪ್ಪಾರು ಯುದ್ಧದ ಸುದ್ದಿ ಎತ್ತಿಲ್ಲ ಅಂತೀರಿ. ಪಶ್ಚಿಮ ಗಡಿಯ ಅದ ಶಕರಗಢ ಸೆಕ್ಟರಿನಾಗ ಬಸಂತರ್ ನದಿ ಹತ್ರ ಡಿಸೆಂಬರ್ 16ಕ್ಕ ಪರಮವೀರ ಚಕ್ರ ಬಂದ ಟ್ಯಾಂಕ್ ಅಧಿಕಾರಿ ಅರುಣ್ ಖೇತ್ರಪಾಲ್ ತೀರಿಕೊಂಡಿದ್ದು, ಅವರ ಕಥಿ ಎಲ್ಲಾರಿಗೂ ಗೊತ್ತೈತಿ, ಹಂಗಂತ ಅಪ್ಪಾರನ್ನೂ ಒಯ್ದು ಆ ನದಿ ದಂಡಿಗೆ ನಿಲ್ಲಿಸಬ್ಯಾಡ್ರಿ. ಡಿಸ್ಚಾರ್ಜ್ ಬುಕ್ ತಗದು ನೋಡ್ರಿ, ಯಾವ ಯೂನಿಟ್, ಯಾವಾಗ ಎಲ್ಲಿದ್ರು ಅನ್ನೋದು ಸಿಗಬಹುದು, ಅದು ಹರದಿದ್ರ ಸಿಕಂದರಾಬಾದಿನ ಇಎಂಇ ರೆಕಾರ್ಡ್ಸ್ ಆಫೀಸಿಗೆ ಸರ್ವಿಸ್ ನಂಬರ್ ಹಾಕಿ ಒಂದು ಅರ್ಜಿ ಬರೀರಿ. ಸಿಕ್ಕಷ್ಟ ಬರೀರಿ. ಅವ್ರು ಸುಮ್ನಿದ್ದ ಜಾಗಾದಾಗ ನಾವು ಮಾತು ತುಂಬೋದು ಬ್ಯಾಡ.

ಈಗ ಅಂಗಡಿ. ನಿಮ್ಮ ಪತ್ರದಾಗ ಯುದ್ಧಕ್ಕ ಎರಡು ಪುಟ, ಅಂಗಡಿಗೆ ಆರು ಸಾಲು. ಹದಿಮೂರು-ಹದಿನಾಕು ದಿನದ ಯುದ್ಧ ಅದು, ಅಂಗಡಿ ಮೂವತ್ತು ವರ್ಷದ ಮ್ಯಾಲೆ ನಡದೈತಿ ಅಂತ ನೀವ ಹೇಳೀರಿ. ಆ ಆರು ಸಾಲಿನಾಗ ನನ್ನ ಹಿಡದು ನಿಲ್ಲಿಸಿದ್ದು ಆ ನೋಟ್‌ಬುಕ್ಕು: ಸುಟ್ಟ ಮೋಟರ್ ಬಂತಂದ್ರ ಹಳೇ ವೈಂಡಿಂಗ್ ಕೀಳೂಕಿಂತ ಮೊದಲ ಎಷ್ಟು ಸ್ಲಾಟ್ (ತಂತಿ ಕೂಡ್ರೋ ಸಂದು), ಕಾಯಿಲ್ ಯಾವ ಸ್ಲಾಟಿನಿಂದ ಯಾವದಕ್ಕ ಬಿದ್ದೈತಿ ಅಂತ ಬರಕೊಂಡು, ಬಿಚ್ಚಿದ ಮ್ಯಾಲೆ ಒಂದು ಕಾಯಿಲಿಗೆ ಎಷ್ಟು ಸುತ್ತು ಅಂತ ಎಣಿಸಿ, ತಂತಿ ಮ್ಯಾಲಿನ ಎನಾಮಲ್ ಸುಟ್ಟು ಒರಸಿ ಮೈಕ್ರೋಮೀಟರಿನಾಗ ಗೇಜ್ (ತಂತಿ ದಪ್ಪ) ನೋಡಿ, ಪಕ್ಕಕ್ಕ ರೈತನ ಹೆಸರು, ಊರು, ಎಷ್ಟು ಎಚ್‌ಪಿ ಎಲ್ಲಾ ಬರದಿಡ್ತಿದ್ರಂತ. ಅಣ್ಣಿಗೇರಿ, ಲಕ್ಕುಂಡಿ, ನರಗುಂದ, ಬೆಣ್ಣಿಹಳ್ಳದ ದಂಡಿ ಊರುಗೋಳು, ಎಲ್ಲಾ ಅದರಾಗದಾವ ಅಂತೀರಿ. ಇದಕ್ಕಿಂತ ಒಳ್ಳೇ ದಾಖಲೆ ಯಾವ ಸೈನಿಕನ ಮನಿಯಾಗೂ ಸಿಗೂದು ಕಷ್ಟ.

ಓದುಗರಿಗೆ ಈ ಕೆಲಸ ಬಿಡಿಸಿ ಹೇಳ್ರಿ. ಬ್ಯಾಸಿಗ್ಯಾಗ ಮೋಟರ್ ಯಾಕ ಸುಡತಾವ? ಮೂರು ಫೇಸಿನಾಗ ಒಂದು ಹೋದ್ರ ಓಡೋ ಮೋಟರ್ ಒಮ್ಮೆಲೇ ನಿಲ್ಲಂಗಿಲ್ಲ, ಉಳದ ಎರಡರ ಮ್ಯಾಲೆ ಗುಂಯ್ ಅನಕೋತ ತಿರಗತೈತಿ, ಕರೆಂಟ್ ಜಾಸ್ತಿ ಎಳೀತೈತಿ, ಕಾಯಿಲ್ ಕಾದು ವಾರ್ನಿಶ್ ವಾಸನಿ ಬರೂದರಾಗ ಮುಗದಿರತೈತಿ, ರೈತ ಆಗ ಮನಿಯಾಗ ಮಲಗಿರತಾನ. ಮತ್ತ ಕಟ್ಟುವಾಗ ತಾಮ್ರ ಉಳಸಾಕ ಸಣ್ಣ ಗೇಜ್ ಹಾಕಿದ್ರ ಅಥವಾ ಸುತ್ತು ಕಡಿಮಿ ಮಾಡಿದ್ರ ಆ ದಿನ ರೈತಗ ಗೊತ್ತಾಗಂಗಿಲ್ಲ, ನೀರು ಬೀಳತೈತಿ, ಖುಷಿಲೆ ರೊಕ್ಕ ಕೊಟ್ಟು ಹೊಕ್ಕಾನ, ಮುಂದ ಬಿಸಲಿನಾಗ ಬೆಳಿ ನೀರು ಕೇಳುವಾಗ ಮತ್ತ ಸುಡತೈತಿ. ತಾವು ಕಟ್ಟಿದ ಮೋಟರ್ ವರ್ಷದೊಳಗ ತಿರುಗಿ ಬಂದ್ರ ಅಪ್ಪಾರು ರೊಕ್ಕ ಮುಟ್ಟತಿರಲಿಲ್ಲ ಅಂತ ಒಂದ ಸಾಲಿನಾಗ ಬರದು ಬಿಟ್ಟೀರಿ. ತಾಮ್ರದ ರೇಟ್ ನೆನಸಿಕೊಂಡ್ರ ಅದು ಸಣ್ಣ ಮಾತಲ್ಲ. ಹಂಗ ಬಂದ ಒಂದಾದ್ರೂ ಮೋಟರಿನ ಕಥಿ ಪೂರ್ತಿ ಬೇಕು: ಯಾವ ಊರಿನವರದ್ದು, ಏನು ಮಾತಾತು, ಆ ರಾತ್ರಿ ಮನಿಯಾಗ ಊಟಕ್ಕೇನಿತ್ತು.

ಶಾಲಿ ಬಿಟ್ಟು ಬಂದು ಕಟಗಿ ಫಾರ್ಮಾದ ಮ್ಯಾಲೆ ತಂತಿ ಸುತ್ತಿ ಕೊಡತಿದ್ದೆ, ಬಿದಿರಿನ ಕಡ್ಡಿ ಸೀಳಿ ಸ್ಲಾಟಿಗೆ ಬಡಿಯೋದು ಅಪ್ಪ ಕಲಿಸಿದ್ದ ಅಂತ ನೀವು ಪತ್ರದ ಕಡೀಕ ಬರದೀರಿ. ಅಕ್ಕಾರ, ಅಲ್ಲಿಂದ ಶುರು ಮಾಡ್ರಿ. ಯುದ್ಧ ನೀವು ನೋಡಿಲ್ಲ, ಅಂಗಡಿ ನೋಡೀರಿ.

ಇನ್ನ 'ಯಾರ ಹಂಗೂ ಇಲ್ದ ಸ್ವಂತ ಬಲದ ಮ್ಯಾಲೆ ಬಂದ್ರು' ಅಂತ ಬರದೀರಿ. ಅದ ಪುಟದ ಕೆಳಗ, ಮೊದಲನೇ ತಾಮ್ರದ ಬಂಡಲ್ ತರಾಕ ತಾಯಿಯವರ ಬೋರಮಾಳ ಅಡಾ ಇಟ್ಟಿದ್ದು ಅರ್ಧ ಸಾಲಿನಾಗ ಐತಿ. ಆ ಅರ್ಧ ಸಾಲು ಒಂದು ಪುಟ ಆಗಬೇಕು. ಬೀಗರೆಲ್ಲ ಬ್ಯಾಂಕಿನ ಗಾರ್ಡ್ ನೌಕರಿ ಹಿಡಿ ಅಂತ ಬೆನ್ನು ಹತ್ತಿದ್ರೂ, ಮೂವತ್ತಮೂರು ವಯಸ್ಸಿನ ಮನಷ್ಯಾ ಪಗಾರದ ನೌಕರಿ ಬಿಟ್ಟು ತಗಡಿನ ಶೆಡ್ ಯಾಕ ಆರಿಸಿಕೊಂಡ, ಆಗ ತಾಯಿಯವರು ಏನಂದ್ರು? ಪುಣ್ಯಾಕ ತಾಯಿಯವರು ಅದಾರ. ಈಗ ಹೋಗಿ ಅವರ ಮುಂದ ಕುಂಡ್ರಿ, ಫೋನಿನಾಗ ರೆಕಾರ್ಡ್ ಹಚ್ಚಿ ಕೇಳ್ರಿ, ಯುದ್ಧದ ದಿನಕ್ಕ ಕಾಗದ ಬರೂದು ನಿಂತಾಗ ಮನಿಯಾಗ ಹೆಂಗಿತ್ತು ಅನ್ನೋದನ್ನೂ ಕೇಳ್ರಿ, ಅದು ಅವರೊಬ್ಬರಿಗ ಗೊತ್ತು.

ನೋಟ್‌ಬುಕ್ಕಿನ ಮೂಲ ಪ್ರತಿ ಕಳಸಬ್ಯಾಡ್ರಿ, ಎರಡು-ಮೂರು ಪುಟದ ಜೆರಾಕ್ಸ್ ಸಾಕು. ಹಿಂದಿನ ಪುಟದಾಗ ಉದ್ರಿ ಲೆಕ್ಕ ಐತಿ, 'ಸುಗ್ಗಿಗೆ ಕೊಡ್ತೀನಿ' ಅಂದವರ ಹೆಸರು, ಅದರಾಗ ಕೆಲವು ಇನ್ನೂ ಹೊಡದು ಹಾಕಿಲ್ಲ ಅಂತೀರಿ. ಆ ಹೆಸರುಗಳನ್ನ ನಾವು ಅಚ್ಚು ಹಾಕಂಗಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಅದ ಊರಾಗದಾರ. ಉದ್ರಿ ಕೊಡತಿದ್ರು ಅನ್ನೋದಷ್ಟ ಬರೀರಿ. ಪುಟ ಎಷ್ಟ ಆದ್ರೂ ಕಳಸ್ರಿ, ಕಡಿಮಿ ಮಾಡೋದು ನಮ್ಮ ಕೆಲಸ, ಮಾಡಿದ ಮ್ಯಾಲೆ ನಿಮಗ ತೋರಿಸಿನ ಅಚ್ಚಿಗೆ ಕೊಡ್ತೀವಿ.

ಸಂಪಾದಕ