ತೋಟದ ಮನೆಯ ಸ್ಮಾರ್ಟ್ ಸಾಧನಗಳ ಮೇಲಿನ ದಾಳಿಯನ್ನು ಮಷಿನ್ ಲರ್ನಿಂಗ್ ಹಿಡಿಯಬಲ್ಲದೇ?

ಬಾಟ್-ಐಒಟಿ ದತ್ತಾಂಶದಿಂದ (ಸ್ಮಾರ್ಟ್ ಸಾಧನಗಳ ಮೇಲಿನ ದಾಳಿಗಳನ್ನು ಪ್ರಯೋಗಾಲಯದಲ್ಲಿ ನಡೆಸಿ ದಾಖಲಿಸಿದ್ದು) ತರಬೇತಿ ಪಡೆದ ನಿಮ್ಮ ಪ್ರಾಜೆಕ್ಟಿನ ಮಷಿನ್ ಲರ್ನಿಂಗ್ ಮಾದರಿ ಶೇ 99.9ರಷ್ಟು ನಿಖರತೆ ತೋರಿಸುತ್ತಿದೆ, ಅದನ್ನು ತೀರ್ಥಹಳ್ಳಿ ಕಡೆಯ ನಿಮ್ಮ ತೋಟದ ಮನೆಯ ಕ್ಯಾಮೆರಾ ಮತ್ತು ಸ್ಮಾರ್ಟ್ ಪ್ಲಗ್‌ಗಳ ಕಾವಲಿಗೆ ಹಾಗೆಯೇ ಬಳಸಬಹುದೇ ಎಂದು ಕೇಳಿದ್ದೀರಿ. ಶಿವಮೊಗ್ಗದ ಸುತ್ತಮುತ್ತ ಕಚೇರಿ, ಹೋಂಸ್ಟೇಗಳ ನೆಟ್‌ವರ್ಕ್ ನೋಡಿಕೊಳ್ಳುವವನಾಗಿ ನನ್ನ ಉತ್ತರ: ಹಾಗೆಯೇ ಬಳಸಲು ಬರುವುದಿಲ್ಲ.

ಆ ದತ್ತಾಂಶದ 7 ಕೋಟಿಗೂ ಹೆಚ್ಚು ದಾಖಲೆಗಳಲ್ಲಿ ಸಹಜ ಸಂಚಾರಕ್ಕೆ (ದಾಳಿಯಲ್ಲದ, ನೆಟ್‌ವರ್ಕಿನ ಮಾಮೂಲಿ ದತ್ತಾಂಶದ ಓಡಾಟಕ್ಕೆ) ಸೇರಿದವು 10 ಸಾವಿರಕ್ಕಿಂತ ಕಡಿಮೆ. ಏನನ್ನೂ ಕಲಿಯದೆ, ಕಂಡದ್ದೆಲ್ಲವನ್ನೂ ದಾಳಿ ಎಂದು ಹೇಳುವ ಪ್ರೋಗ್ರಾಂ ಸಹ ಅಲ್ಲಿ ಶೇ 99.98ರಷ್ಟು ಅಂಕ ಗಳಿಸುತ್ತದೆ. ಮೇಲಾಗಿ, ದಾಖಲೆಗಳನ್ನು ಕಲಸಿ ಎರಡು ಪಾಲು ಮಾಡಿದ್ದರೆ ಒಂದೇ ದಾಳಿಯ ತುಣುಕುಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡಿರುತ್ತವೆ. ಐಪಿ ವಿಳಾಸದ ಕಾಲಂ ಉಳಿಸಿಕೊಂಡಿದ್ದರಂತೂ ಮಾದರಿ ಕಲಿತಿರುವುದು ದಾಳಿಯ ಲಕ್ಷಣವನ್ನಲ್ಲ, ಪ್ರಯೋಗಾಲಯದಲ್ಲಿ ದಾಳಿ ನಡೆಸಿದ ಯಂತ್ರದ ವಿಳಾಸವನ್ನು.

ಹಾಗೆಂದು ಈ ದಾರಿಯೇ ವ್ಯರ್ಥವಲ್ಲ. ಕಂಪ್ಯೂಟರಿಗೆ ಹೋಲಿಸಿದರೆ ಕ್ಯಾಮೆರಾದ ದಿನಚರಿ ಬಹಳ ಕಿರಿದು: ಸಾಮಾನ್ಯವಾಗಿ ತನ್ನ ಕಂಪನಿಯದೂ ಸೇರಿ ಕೆಲವೇ ಸರ್ವರ್‌ಗಳ ಜೊತೆ ಮಾತಾಡುತ್ತದೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ ಹೊಕ್ಕ ಕ್ಯಾಮೆರಾ ಇದ್ದಕ್ಕಿದ್ದಂತೆ ಗುರುತು ಪರಿಚಯವಿಲ್ಲದ ವಿಳಾಸಗಳ 23 ಮತ್ತು 2323ನೇ ಪೋರ್ಟ್‌ಗಳನ್ನು (ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲುಗಳನ್ನು) ತಟ್ಟತೊಡಗುತ್ತಿತ್ತು. ಪ್ಯಾಕೆಟ್ಟಿನ (ನೆಟ್‌ವರ್ಕಿನಲ್ಲಿ ಸಾಗುವ ದತ್ತಾಂಶದ ತುಣುಕಿನ) ಒಳಗಿರುವುದು ಗೂಢಲಿಪಿಯಲ್ಲಿದ್ದರೂ ಅದರ ಗಾತ್ರ, ನಡುವಿನ ಅಂತರ, ಹೋಗುವ ವಿಳಾಸಗಳ ಸಂಖ್ಯೆ ಇಷ್ಟರಿಂದಲೇ ಇದು ಗೊತ್ತಾಗುತ್ತದೆ. 2018ರ ಎನ್-ಬಯಾಟ್ ಅಧ್ಯಯನದಲ್ಲಿ 9 ಸಾಧನಗಳ ಪೈಕಿ ಪ್ರತಿಯೊಂದಕ್ಕೂ ಬೇರೆಯೇ ಆಟೋಎನ್‌ಕೋಡರ್ (ಕಂಡದ್ದನ್ನು ಕುಗ್ಗಿಸಿ ಮತ್ತೆ ಕಟ್ಟಲು ಕಲಿಯುವ, ಕಾಣದ್ದು ಬಂದರೆ ಎಡವುವ ಮಾದರಿ) ಕೊಟ್ಟು, ಅದಕ್ಕೆ ಆ ಸಾಧನದ ಸಹಜ ಸಂಚಾರವನ್ನು ಮಾತ್ರ ಕಲಿಸಲಾಗಿತ್ತು. ನೀವೂ ಆ ದಾರಿ ಹಿಡಿಯುವುದು ಮೇಲು, ಏಕೆಂದರೆ ನಿಮ್ಮ ಮನೆಯಲ್ಲಿ ಸುಲಭವಾಗಿ ಸಿಗುವ ದತ್ತಾಂಶವೆಂದರೆ ಸಹಜ ಸಂಚಾರದ್ದೇ.

ಆದರೆ ನಮ್ಮ ಕಡೆ ಸಹಜ ಎಂದರೆ ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ತುಂಡಾಗಿ, ರಾತ್ರಿಯಿಡೀ ಇಲ್ಲದ ಕರೆಂಟ್ ಬೆಳಗ್ಗೆ ಬಂತೆನ್ನಿ. ರೂಟರ್ ಎದ್ದ ಕೂಡಲೇ ಎಲ್ಲ ಸಾಧನಗಳೂ ಒಟ್ಟಿಗೆ ಐಪಿ ವಿಳಾಸ ಬೇಡುತ್ತವೆ, ಸರ್ವರ್ ಹೆಸರು ವಿಚಾರಿಸುತ್ತವೆ, ಗಡಿಯಾರ ಸರಿಪಡಿಸಿಕೊಳ್ಳುತ್ತವೆ. ಫೈಬರ್ ಇನ್ನೂ ಬಂದಿರದಿದ್ದರೆ ಉತ್ತರ ಸಿಗುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡುತ್ತವೆ. ಬೇಸಿಗೆಯ ದತ್ತಾಂಶ ಮಾತ್ರ ಕಂಡ ಮಾದರಿಗೆ ಈ ನೂಕುನುಗ್ಗಲು ದಾಳಿಯಂತೆಯೇ ಕಾಣುತ್ತದೆ. ಆದ್ದರಿಂದ ಮಳೆಗಾಲದ ಸಂಚಾರವನ್ನೂ ತರಬೇತಿಗೆ ಸೇರಿಸಿ, ಪರೀಕ್ಷೆಗೆ ಮುಂದಿನ ವಾರಗಳದ್ದನ್ನು ಎತ್ತಿಡಿ. ರೂಟರ್ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂಬುದನ್ನೂ ಮಾದರಿ ನೋಡಿ ತೀರ್ಮಾನಿಸುವ ಒಂದು ಲಕ್ಷಣವಾಗಿ ಕೊಡಿ. ಇಷ್ಟು ಸರಳವಾದ ಅಂಕಿ ಅನೇಕ ಪ್ರಾಜೆಕ್ಟ್‌ಗಳಲ್ಲಿ ಏಕಿರುವುದಿಲ್ಲವೋ ಕಾಣೆ.

ಸೆಕೆಂಡಿಗೊಮ್ಮೆ ತಪಾಸಣೆ ಮಾಡಿದರೆ ಒಂದು ಸಾಧನಕ್ಕೆ ದಿನಕ್ಕೆ 86,400 ತೀರ್ಮಾನಗಳಾಗುತ್ತವೆ. ಅದರಲ್ಲಿ ಶೇ 0.1 ತಪ್ಪಿದರೂ ದಿನಕ್ಕೆ 86 ಸುಳ್ಳು ಎಚ್ಚರಿಕೆಗಳು. ಎರಡನೇ ದಿನಕ್ಕೇ ಮನೆಯವರು ಆ ಆ್ಯಪ್‌ನ ಸದ್ದು ಅಡಗಿಸಿಬಿಡುತ್ತಾರೆ. ಸತತವಾಗಿ ಹಲವು ಸೆಕೆಂಡು ಅಸಹಜ ಕಂಡಾಗ ಮಾತ್ರ ಎಚ್ಚರಿಸುವಂತೆ ಮಾಡಿ, ವರದಿಯಲ್ಲಿ ನಿಖರತೆಯ ಬದಲು ದಿನಕ್ಕೆ ಎಷ್ಟು ಸುಳ್ಳು ಎಚ್ಚರಿಕೆ, ದಾಳಿ ಶುರುವಾದ ಎಷ್ಟು ಹೊತ್ತಿಗೆ ಪತ್ತೆ ಎಂಬುದನ್ನು ಬರೆಯಿರಿ.

ಅಂದ ಹಾಗೆ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್‌ನಲ್ಲಿ ಅದರದೇ ಸಿಮ್ ಇದ್ದರೆ ಅದರ ಸಂಚಾರ ನಿಮ್ಮ ರೂಟರ್ ಮೂಲಕ ಹಾಯುವುದೇ ಇಲ್ಲ, ಹಾಗಾಗಿ ಈ ಮಾದರಿಯ ಕಣ್ಣಿಗೆ ಅದು ಬೀಳುವುದಿಲ್ಲ. ಅದಕ್ಕೆ ಗೊತ್ತುಪಡಿಸಿದ ನಂಬರ್‌ಗಳ ಕರೆಗೆ ಮಾತ್ರ ಸ್ಪಂದಿಸುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ, ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿ.