ಕೂಲೆಂಟ್ ಕಾಣೆಯಾಗುತ್ತಿದೆ, ಹಳದಿ ದೀಪ ಆರುತ್ತಿಲ್ಲ

ಪ್ರಶ್ನೆ: ನನ್ನದು 2013ರ ಕೊನೆಯಲ್ಲಿ ಕೊಂಡ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಈವರೆಗೆ 1,28,000 ಕಿಲೋಮೀಟರ್ ಓಡಿದೆ. ಮಗಳು ಮಣಿಪಾಲದಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಎರಡು ಬಾರಿಯಾದರೂ ಆಗುಂಬೆ ಘಾಟಿ ಇಳಿದು ಹತ್ತಬೇಕು. ಕಳೆದ ಬೇಸಿಗೆಯಲ್ಲಿ ಸೋಮೇಶ್ವರದಿಂದ ಮೇಲೆ ಬರುವಾಗ ಕೆಂಪು ಟೆಂಪರೇಚರ್ ದೀಪ ಹೊತ್ತಿತು. ಗ್ಯಾರೇಜಿನವರು ಥರ್ಮೋಸ್ಟ್ಯಾಟ್ ವಾಲ್ವನ್ನು ತೆಗೆದುಹಾಕಿ, ನಮ್ಮ ಹವೆಗೆ ಅದು ಬೇಕಾಗಿಯೇ ಇಲ್ಲ ಎಂದರು. ಕೆಲವೇ ದಿನಗಳಲ್ಲಿ ಹಳದಿ ಎಂಜಿನ್ ದೀಪ ಬಂತು. ಸ್ಕ್ಯಾನರ್ ಹಾಕಿ ಅಳಿಸಿದರೆ ನಾಲ್ಕೈದು ದಿನ ಆರಿರುತ್ತದೆ, ಮತ್ತೆ ಬರುತ್ತದೆ. ಪ್ರತಿ ಬಾರಿಯೂ ತೋರುವ ಕೋಡ್ ಪಿ0128. ಟೆಂಪರೇಚರ್ ಸೆನ್ಸರ್ ಬದಲಾಯಿಸಿದ್ದೂ ಆಯಿತು. ಇತ್ತೀಚೆಗೆ ವಾರಕ್ಕೆ ಸುಮಾರು 300 ಮಿಲಿಲೀಟರ್ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದೆ, ಆದರೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಿರ್ರೆನ್ನುತ್ತದೆ, ಬ್ಯಾಟರಿ ದೀಪವೂ ಒಮ್ಮೊಮ್ಮೆ ಮಿನುಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಳ್ಳಗಿನ ಲೇಪ ಕಂಡು ಒಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಇನ್ನೊಬ್ಬರು ಕಾರನ್ನೇ ಮಾರಿಬಿಡಿ ಎನ್ನುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಬೇಡಿ, ಕಾರನ್ನು ಮಾರುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಕಾರಿನಲ್ಲಿ ಮೊದಲಿನಿಂದ ಇದ್ದ ದೋಷ ಒಂದು, ರಿಪೇರಿಯ ಹೆಸರಿನಲ್ಲಿ ಸೇರಿಕೊಂಡ ದೋಷ ಇನ್ನೊಂದು. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತಿರುವುದರಿಂದ ನೋಡಿದವರೆಲ್ಲ ಗೊಂದಲಕ್ಕೆ ಬಿದ್ದಿದ್ದಾರೆ.

ಸೇರಿಕೊಂಡ ದೋಷವನ್ನು ಮೊದಲು ನೋಡೋಣ, ಏಕೆಂದರೆ ಅದರ ವಿಚಾರದಲ್ಲಿ ಹೆಚ್ಚು ಅನುಮಾನವಿಲ್ಲ. ಪಿ0128 ಎಂಬ ಕೋಡ್ ಎಂಜಿನ್ ಅತಿಯಾಗಿ ಬಿಸಿಯಾಗಿದೆ ಎಂದು ಹೇಳುವುದಿಲ್ಲ. ಎಂಜಿನ್ ಬಿಸಿಯಾಗಬೇಕಾದಷ್ಟು ಹೊತ್ತಿಗೆ, ಬಿಸಿಯಾಗಬೇಕಾದ ಮಟ್ಟಕ್ಕೆ ಏರುತ್ತಿಲ್ಲ ಎಂದು ಹೇಳುತ್ತದೆ. ಕಾರಿನ ಕಂಪ್ಯೂಟರ್ ಸ್ಟಾರ್ಟ್ ಮಾಡಿದಾಗಿನ ಉಷ್ಣತೆ, ಒಳಗೆ ಬರುವ ಗಾಳಿಯ ಉಷ್ಣತೆ, ಎಂಜಿನ್ ಮೇಲಿನ ಭಾರ ಇವುಗಳನ್ನು ಲೆಕ್ಕ ಹಾಕಿ ಇಷ್ಟು ನಿಮಿಷದಲ್ಲಿ ಕೂಲೆಂಟ್ ಇಷ್ಟು ಡಿಗ್ರಿ ಮುಟ್ಟಬೇಕು ಎಂದು ನಿರೀಕ್ಷಿಸುತ್ತದೆ, ಅದು ಕೆಲವು ಪ್ರಯಾಣಗಳಲ್ಲಿ ಮತ್ತೆ ಮತ್ತೆ ತಪ್ಪಿದರೆ ಹಳದಿ ದೀಪ ಹೊತ್ತಿಸುತ್ತದೆ. ಥರ್ಮೋಸ್ಟ್ಯಾಟ್ ಇರುವುದೇ ಆ ಮಟ್ಟವನ್ನು ಮುಟ್ಟಿಸಲು. ಅದರೊಳಗಿನ ಮೇಣದ ಗುಳಿಗೆ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರು, ಅಂದರೆ ಕೂಲೆಂಟ್, ಅದನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಬಾಗಿಲನ್ನೇ ಕಿತ್ತುಹಾಕಿದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹರಿಯುತ್ತದೆ, ಮಲೆನಾಡಿನ ಮಳೆಗಾಲದ ಬೆಳಿಗ್ಗೆಯಲ್ಲಂತೂ ಎಂಜಿನ್ ಹದಕ್ಕೆ ಬರುವುದೇ ಇಲ್ಲ. ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈಲೇಜ್ ಇಳಿದಿರುವುದನ್ನು ನೀವು ಬರೆದಿಲ್ಲ, ಆದರೆ ಲೆಕ್ಕ ಇಟ್ಟಿದ್ದರೆ ಒಮ್ಮೆ ತೆಗೆದು ನೋಡಿ.

‘ನಮ್ಮ ಹವೆಗೆ ಥರ್ಮೋಸ್ಟ್ಯಾಟ್ ಬೇಡ’ ಎಂಬುದು ಹಳೆಯ ಕಾರುಗಳ ಕಾಲದಿಂದ ನಮ್ಮ ಗ್ಯಾರೇಜುಗಳಲ್ಲಿ ನಡೆದುಬಂದ ಮಾತು. ಕಂಪ್ಯೂಟರ್ ಇಲ್ಲದ ಎಂಜಿನ್ನುಗಳಲ್ಲಿ ಅದರ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಷ್ಟೆ. ಇನ್ನೂ ಒಂದು ವಿಷಯವನ್ನು ಆ ಮಾತು ಮರೆಮಾಡುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದುಕೊಳ್ಳುವಾಗಲೇ ಅದರ ಇನ್ನೊಂದು ತುದಿ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅಂಥ ಎಂಜಿನ್ನಿನಿಂದ ಅದನ್ನು ತೆಗೆದರೆ ಒಂದಷ್ಟು ನೀರು ರೇಡಿಯೇಟರನ್ನು ಮುಟ್ಟದೆ ಹಾಗೆಯೇ ಎಂಜಿನ್ನಿಗೆ ಹಿಂದಿರುಗುತ್ತದೆ; ಬಯಲಿನಲ್ಲಿ ತಣ್ಣಗಿರುವ ಕಾರು ಘಾಟಿ ಹತ್ತುವಾಗ ಮೊದಲಿಗಿಂತ ಬೇಗ ಕಾಯುತ್ತದೆ. ಆದ್ದರಿಂದ ನಿಮ್ಮ ಕಾರಿಗೆ ನಿಗದಿಯಾದ ಉಷ್ಣತೆಯ ಹೊಸ ಥರ್ಮೋಸ್ಟ್ಯಾಟ್ ಹಾಕಿಸುವುದು ಕಡ್ಡಾಯ. ಕೂಲೆಂಟ್ ಮಟ್ಟ ತೀರ ಇಳಿದಿದ್ದರೂ ಇದೇ ಕೋಡ್ ಬರಬಹುದಾದ್ದರಿಂದ, ಸೋರಿಕೆ ನಿಲ್ಲಿಸಿದ ಮೇಲೆಯೇ ಕೋಡನ್ನು ಅಳಿಸಬೇಕು. ಅಲ್ಲಿಯವರೆಗೆ ಪದೇಪದೇ ಅಳಿಸುವುದರಿಂದಾಗಲಿ, ಬ್ಯಾಟರಿ ತಂತಿ ಕಳಚುವುದರಿಂದಾಗಲಿ ಪ್ರಯೋಜನವಿಲ್ಲ. ದೋಷ ಯಾವ ಉಷ್ಣತೆಯಲ್ಲಿ, ಯಾವ ವೇಗದಲ್ಲಿ ದಾಖಲಾಯಿತು ಎಂದು ಕಂಪ್ಯೂಟರ್ ಉಳಿಸಿಕೊಂಡಿರುವ ಮಾಹಿತಿಯೂ ಅದರೊಂದಿಗೆ ಹೋಗಿಬಿಡುತ್ತದೆ.

ಈಗ ಮೂಲ ದೋಷಕ್ಕೆ ಬರೋಣ. ಕೂಲೆಂಟ್ ಆವಿಯಾಗಿ ಮುಗಿಯುವ ದ್ರವವಲ್ಲ. ಸರಿಯಾದ ಸ್ಥಿತಿಯಲ್ಲಿರುವ ಕಾರಿಗೆ ವರ್ಷವಿಡೀ ಹಾಕಬೇಕಾಗಿ ಬರುವುದೇ ಅಪರೂಪ. ಇಂಥ ಕಾರಿನ ಇಡೀ ವ್ಯವಸ್ಥೆ ಹಿಡಿಯುವುದು ನಾಲ್ಕೈದು ಲೀಟರ್ ಇರುವಾಗ ತಿಂಗಳಿಗೆ ಒಂದು ಲೀಟರಿಗಿಂತ ಹೆಚ್ಚು ಹೋಗುತ್ತಿದೆ ಎಂದರೆ ಅದು ಎಲ್ಲಿಂದಲೋ ಹೊರಬರುತ್ತಿದೆ, ಇಲ್ಲವೇ ಎಂಜಿನ್ನಿನೊಳಗೆ ಉರಿದುಹೋಗುತ್ತಿದೆ. ನೆಲದ ಮೇಲೆ ಹನಿ ಕಾಣದಿರುವುದು ಸೋರಿಕೆ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಸಣ್ಣ ಬಿರುಕು ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಜಿನುಗುತ್ತದೆ, ಜಿನುಗಿದ್ದು ಕಾದ ಲೋಹದ ಮೇಲೆ ಬಿದ್ದು ಅಲ್ಲೇ ಆರಿಹೋಗುತ್ತದೆ. ಅದು ಬಿಟ್ಟುಹೋಗುವ ಗುರುತು ಒಣಗಿದ ಉಪ್ಪಿನಂಥ ಕರೆ, ಕೂಲೆಂಟಿನ ಬಣ್ಣಕ್ಕೆ ತಕ್ಕಂತೆ ಹಸಿರು, ಗುಲಾಬಿ ಅಥವಾ ಬಿಳಿ.

ಆ ಕರೆಯನ್ನು ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪಿನ ಬುಡದಲ್ಲಿ ಹುಡುಕುತ್ತಿದ್ದೆ. ಕಾರಣ ನಿಮ್ಮ ಬ್ಯಾಟರಿ ದೀಪ. ಅನೇಕ ಸಣ್ಣ ಕಾರುಗಳಲ್ಲಿ ವಾಟರ್ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುವುದು ಒಂದೇ ಬೆಲ್ಟ್. ಪಂಪಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಬರಲೆಂದೇ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರ ಕೊಟ್ಟಿರುತ್ತಾರೆ, ಅಲ್ಲಿಂದ ಚಿಮ್ಮಿದ ಕೂಲೆಂಟ್ ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟ್ ಜಾರಿ ಕಿರ್ರೆನ್ನುತ್ತದೆ, ಆಲ್ಟರ್ನೇಟರ್ ನಿಧಾನವಾಗಿ ಬ್ಯಾಟರಿ ದೀಪ ಮಿನುಗುತ್ತದೆ. ಬರಿಯ ಹಳೆಯ ಬೆಲ್ಟ್ ಸಡಿಲವಾದರೂ ಇದೇ ಆಗುವುದರಿಂದ ಇದನ್ನು ತೀರ್ಪೆಂದು ತಿಳಿಯಬೇಡಿ. ಎಂಜಿನ್ ಆಫ್ ಆಗಿ ತಣ್ಣಗಿರುವಾಗ ಬೆಲ್ಟಿನ ಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಬೆಲ್ಟ್ ಬಿಚ್ಚಿಸಿ ಪಂಪಿನ ಚಕ್ರವನ್ನು ಕೈಯಲ್ಲಿ ಅಲ್ಲಾಡಿಸಿದಾಗ ಕೊಂಚ ಆಟ ಸಿಕ್ಕರೂ ಪಂಪ್ ಮುಗಿಯಿತೆಂದು ಅರ್ಥ. ಒಂದು ಎಚ್ಚರಿಕೆ: ಬ್ಯಾಟರಿ ದೀಪ ಪೂರ್ತಿ ಹೊತ್ತಿ ಅದರ ಬೆನ್ನಿಗೇ ಕೆಂಪು ಟೆಂಪರೇಚರ್ ದೀಪವೂ ಬಂದರೆ ಬೆಲ್ಟ್ ಕಡಿದಿರುವ ಸಾಧ್ಯತೆ ಹೆಚ್ಚು. ಆಗ ಮುಂದಿನ ತಿರುವಿನವರೆಗೂ ಹೋಗದೆ, ಸುರಕ್ಷಿತವಾದ ಮೊದಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅಂಥ ಜಾಗ ಹುಡುಕುವುದು ಸುಲಭವಲ್ಲ ಎಂಬುದು ನನಗೂ ಗೊತ್ತು, ಆದ್ದರಿಂದಲೇ ಈ ರಿಪೇರಿಯನ್ನು ಮುಂದಿನ ಮಣಿಪಾಲ ಪ್ರಯಾಣಕ್ಕೆ ಮೊದಲು ಮುಗಿಸಿ ಎನ್ನುತ್ತೇನೆ.

ಪಂಪಿನಲ್ಲಿ ಏನೂ ಕಾಣದಿದ್ದರೆ ಊಹೆ ಮಾಡುತ್ತಾ ಕೂರುವ ಬದಲು ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣನೆಯ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ, ಅಂದರೆ ಬಹುತೇಕ ಕಾರುಗಳಲ್ಲಿ 0.9ರಿಂದ 1.1 ಬಾರ್, ಏರಿಸಿ ಕಾಲು ಗಂಟೆ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಇದೆ. ಎಲ್ಲಿ ಒದ್ದೆಯಾಯಿತು ಎಂದು ನೋಡಿದರೆ ಜಾಗವೂ ಸಿಗುತ್ತದೆ. ಹೋಸ್ ಪೈಪಿನ ಕ್ಲ್ಯಾಂಪ್, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯುಮಿನಿಯಂಗೆ ಕೂಡುವ ಅಂಚು, ಥರ್ಮೋಸ್ಟ್ಯಾಟಿನ ಕವಚ, ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಇವೆಲ್ಲ ಈ ವಯಸ್ಸಿನ ಕಾರಿನಲ್ಲಿ ಸೋರುವ ಜಾಗಗಳೇ. ಹೀಟರ್ ಸೋರುತ್ತಿದ್ದರೆ ಮುಂದಿನ ಎಡ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ, ಗಾಜಿನ ಮೇಲೆ ಜಿಡ್ಡಿನ ಮಂಜು ಕಟ್ಟುತ್ತದೆ, ಸಿಹಿ ವಾಸನೆ ಬರುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ಅದೇ ಕೈಪಂಪಿನಿಂದ ಪರೀಕ್ಷಿಸಲು ಹೇಳಿ. ಕೆಲವು ನೂರು ರೂಪಾಯಿಯ ಈ ವಸ್ತುವನ್ನು ಯಾರೂ ಗಮನಿಸುವುದಿಲ್ಲ. ಸಾಮಾನ್ಯ ಗಾಳಿಯೊತ್ತಡದಲ್ಲಿ 100 ಡಿಗ್ರಿಗೆ ಕುದಿಯುವ ನೀರು, 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಘಾಟಿ ಹತ್ತುವಾಗ ಎಂಜಿನ್ನನ್ನು ಕಾಪಾಡುವುದು ಈ 20 ಡಿಗ್ರಿಯ ಅಂತರ. ಸ್ಪ್ರಿಂಗ್ ಸತ್ತ ಮುಚ್ಚಳ ಒತ್ತಡವನ್ನು ಹಿಡಿಯುವುದಿಲ್ಲ. ಅದರಲ್ಲಿ ಹಿಂದಕ್ಕೆ ಎಳೆದುಕೊಳ್ಳುವ ಇನ್ನೊಂದು ಪುಟ್ಟ ವಾಲ್ವ್ ಇರುತ್ತದೆ, ಅದು ಕೆಟ್ಟರೆ ಹೆಚ್ಚುವರಿ ಕೂಲೆಂಟ್ ಹಿಡಿಯುವ ಪಕ್ಕದ ಬಾಟಲಿಗೆ ಹೋದದ್ದು ತಣ್ಣಗಾದ ಮೇಲೆ ಹಿಂದಿರುಗುವುದಿಲ್ಲ. ಆಗ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಬರಿದಾಗಿರುತ್ತದೆ. ಆದ್ದರಿಂದ ಬಾಟಲಿಯ ಗೆರೆಯನ್ನಷ್ಟೇ ನಂಬದೆ, ಮೇಲಿನ ಹೋಸ್ ಪೈಪ್ ಕೈಗೆ ಪೂರ್ತಿ ತಣ್ಣಗೆ, ಮೆತ್ತಗೆ ಸಿಗುವಷ್ಟು ಕಾದು, ಮುಚ್ಚಳ ತೆರೆದು ರೇಡಿಯೇಟರಿನೊಳಗೇ ನೋಡಿ. ಬಿಸಿಯಿರುವಾಗ ಬಟ್ಟೆ ಹಿಡಿದು ತೆರೆಯುವ ಸಾಹಸ ಬೇಡ. ಒತ್ತಡ ಇಳಿದ ಕ್ಷಣವೇ ಒಳಗಿನ ನೀರು ಕುದಿದು ಆವಿಯಾಗಿ ಮುಖಕ್ಕೆ ಎರಚುತ್ತದೆ.

ಹೆಡ್ ಗ್ಯಾಸ್ಕೆಟ್ ಮಾತಿಗೆ ಬಂದರೆ, ಆಯಿಲ್ ಮುಚ್ಚಳದೊಳಗಿನ ಬಿಳಿ ಲೇಪವೊಂದನ್ನೇ ಹಿಡಿದು ತೀರ್ಮಾನಿಸಿದ್ದು ಆತುರವಾಯಿತು. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ನಿನ ಆಯಿಲ್ ಸಾಕಷ್ಟು ಕಾಯುವುದಿಲ್ಲ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡಿಸಿದರೆ ಒಳಗಿನ ತೇವ ಆವಿಯಾಗದೆ ಮುಚ್ಚಳಕ್ಕೆ ಅಂಟಿ ಹೀಗೆಯೇ ಕಾಣುತ್ತದೆ. ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿ. ಅದರ ಮೇಲಿನ ಆಯಿಲ್ ಕೂಡ ಹಾಲು ಹಾಕಿದ ಕಾಫಿಯಂತಿದ್ದರೆ ಮಾತ್ರ ಭಯಪಡಬೇಕು. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುವುದು, ಎಂಜಿನ್ ಪೂರ್ತಿ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು, ನಾಲ್ಕರಲ್ಲಿ ಒಂದು ಸ್ಪಾರ್ಕ್ ಪ್ಲಗ್ ಮಾತ್ರ ತೊಳೆದಂತೆ ಸ್ವಚ್ಛವಾಗಿರುವುದು ಇವು ನಿಜವಾದ ಲಕ್ಷಣಗಳು. ಇವುಗಳಲ್ಲಿ ಯಾವುದಾದರೂ ಇದ್ದರೆ ರೇಡಿಯೇಟರ್ ಬಾಯಲ್ಲಿ ನೀಲಿ ದ್ರಾವಣದ ನಳಿಕೆ ಇಟ್ಟು ಮಾಡುವ ಗ್ಯಾಸ್ ಪರೀಕ್ಷೆ ಮಾಡಿಸಿ. ಉರಿದ ಅನಿಲ ಕೂಲೆಂಟಿಗೆ ಬಂದಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಹಾಗಾದಾಗ ಮಾತ್ರ ಹೆಡ್ ಬಿಚ್ಚಿಸಿ, ಬಿಚ್ಚಿದ ಮೇಲೆ ಅದು ಬಾಗಿದೆಯೇ ಎಂದು ಅಳೆಸಿ, ಅಗತ್ಯವಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಬೇಡಿ.

ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ಹಾಕಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದಾಗ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಊರು ಸೇರಿದವರ ಕತೆಗಳು ಸುಳ್ಳಲ್ಲ, ಆದರೆ ತೂತನ್ನು ಮುಚ್ಚುವ ಪುಡಿಗೆ ರೇಡಿಯೇಟರ್, ಹೀಟರುಗಳ ಸಣ್ಣ ನಾಳಗಳನ್ನು ಬಿಟ್ಟುಬಿಡಬೇಕೆಂಬ ವಿವೇಕವಿರುವುದಿಲ್ಲ. ಬೋರ್‌ವೆಲ್ ನೀರೂ ಬೇಡ; ಅದರ ಲವಣ ಒಳಗೆ ಹಕ್ಕಳೆ ಕಟ್ಟುತ್ತದೆ. ರಿಪೇರಿಯಾದ ಮೇಲೆ ಹಳೆಯದನ್ನು ಪೂರ್ತಿ ಬಸಿದು, ಕಾರಿನ ಕೈಪಿಡಿ ಹೇಳುವ ಜಾತಿಯ ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಸಾಮಾನ್ಯವಾಗಿ ಸಮಪಾಲಿನಲ್ಲಿ ಬೆರೆಸಿ ತುಂಬಿಸಿ. ಬಣ್ಣ ಒಂದೇ ಎಂದು ಎರಡು ಕಂಪನಿಗಳ ಕೂಲೆಂಟ್ ಬೆರೆಸಬೇಡಿ, ಬಣ್ಣ ಜಾತಿಯನ್ನು ಹೇಳುವುದಿಲ್ಲ. ಬಸಿದದ್ದನ್ನು ಅಂಗಳದಲ್ಲಿ ಚೆಲ್ಲದಿರಿ. ಸಿಹಿಯಾದ ಆ ವಿಷವನ್ನು ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ. ಹೊಸದು ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಬಿಡಿಸಬೇಕು. ಮೊದಲ ಒಂದೆರಡು ದಿನ ಮಟ್ಟ ಕೊಂಚ ಇಳಿದರೆ ಗಾಬರಿಯಾಗಬೇಡಿ, ಅದು ಒಳಗೆ ಉಳಿದ ಗಾಳಿ ಹೊರಬಂದದ್ದು.

ಕೊನೆಯದಾಗಿ, ಕೆಂಪು ದೀಪ ಬಂದಿಲ್ಲ ಎಂಬ ಧೈರ್ಯದಲ್ಲಿ ಘಾಟಿ ಹತ್ತಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಉಷ್ಣತೆ ಹೇಳುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿದಾಗ ಅದು ಗಾಳಿಯಲ್ಲಿ ನೇತಾಡುತ್ತಾ, ಎಂಜಿನ್ ಸುಡುತ್ತಿರುವಾಗಲೂ ಎಲ್ಲ ಸರಿಯಿದೆ ಎಂದೇ ತೋರಿಸಬಹುದು. ಹೀಟರ್ ಹಾಕಿದಾಗ ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬಂದರೆ ನೀರು ಮುಗಿದಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಹತ್ತು ವರ್ಷ ಹಳೆಯ ಕಾರೊಂದನ್ನು ಕೊಳ್ಳಲು ನೋಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಒಂದೂ ಎಚ್ಚರಿಕೆಯ ದೀಪ ಉರಿಯುತ್ತಿಲ್ಲ. ಅಷ್ಟು ಸಾಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ. ಹಳದಿ ಎಂಜಿನ್ ದೀಪ, ಆಯಿಲ್ ದೀಪ, ಬ್ಯಾಟರಿ ದೀಪಗಳು ಆಗ ಹೊತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹಳದಿ ದೀಪ ಹೊತ್ತದೇ ಇದ್ದರೆ ಬಲ್ಬ್ ಸುಟ್ಟಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಆಯಿಲ್ ದೀಪದೊಂದಿಗೆ ಒಂದೇ ಕ್ಷಣದಲ್ಲಿ ಜೋಡಿಯಾಗಿ ಆರಿದರೆ, ಎರಡರ ತಂತಿಯನ್ನು ಒಂದಕ್ಕೊಂದು ಸೇರಿಸಿರಬಹುದು ಎಂಬ ಅನುಮಾನವೂ ಇರಲಿ. ಬಳಿಕ ಸ್ಕ್ಯಾನರ್ ಹಾಕಿಸಿ, ಕೋಡುಗಳ ಜೊತೆಗೆ ಕಂಪ್ಯೂಟರಿನ ಸ್ವಪರೀಕ್ಷೆಗಳು ಮುಗಿದಿವೆಯೇ ಎಂದು ಕೇಳಿ. ಹಲವು ಪರೀಕ್ಷೆಗಳು ‘ಅಪೂರ್ಣ’ ಎಂದು ತೋರಿಸಿದರೆ ನೀವು ಬರುವ ಮೊದಲೇ ಕೋಡ್ ಅಳಿಸಿರುವ ಅಥವಾ ಬ್ಯಾಟರಿ ಕಳಚಿರುವ ಸಾಧ್ಯತೆ ಇದೆ. ಅಂಥ ಕಾರನ್ನು ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ, ಮರುದಿನ ಮತ್ತೆ ಸ್ಕ್ಯಾನ್ ಮಾಡಿಸಿದ ಮೇಲೆಯೇ ಮುಂಗಡ ಕೊಡಿ.